ನಲವತ್ತೊಂದು ಸೆಕೆಂಡು

ತೊಂದರೆ ಬಂದದ್ದು ರಿಜಿಸ್ಟರ್ಡ್ ಅಂಚೆಯಲ್ಲಿ. ತಂದುಕೊಟ್ಟವನು ಖುದ್ದು ಚಾಂಪಿಯನ್.

ಬೆಳಿಗ್ಗೆ ಎಂಟೂವರೆ. ಗಂಟೆರಾಯ ಅರ್ಧ ಮುಖಕ್ಕೆ ಸೋಪು ಬಳಿದುಕೊಂಡು ಕನ್ನಡಿಯ ಮುಂದೆ ನಿಂತಿದ್ದ. ಬಾಗಿಲು ತಟ್ಟಿದ ಸದ್ದು ಕೇಳಿ ಹಾಗೇ ಹೋಗಿ ತೆಗೆದರೆ, ಹೊಸ್ತಿಲಾಚೆ ಖಾಕಿ ಅಂಗಿ, ಹೆಗಲಲ್ಲಿ ಚೀಲ, ಕೈಯಲ್ಲಿ ಕಾಗದದ ಕಟ್ಟು. ನಾಲ್ಕು ಮಹಡಿ ಹತ್ತಿ ಬಂದಿದ್ದರೂ ಚಾಂಪಿಯನ್ನನ ಉಸಿರು ಒಂದಿಷ್ಟೂ ಏರಿರಲಿಲ್ಲ.

"ಇಲ್ಲೊಂದು ಸಹಿ."

"ಅಣ್ಣಾ! ಇವತ್ತೂ ಡ್ಯೂಟಿಗೆ ಬಂದಿದ್ದೀರಾ? ಸಂಜೆ ಫೈನಲ್ಲು!"

"ಫೈನಲ್ ಅಂತ ಕಾಗದಕ್ಕೇನು ಗೊತ್ತು?" ಎಂದ ಚಾಂಪಿಯನ್.

ಗಂಟೆರಾಯ ಸಹಿ ಹಾಕಿದ. ರಸೀದಿಯ ಮೇಲೆ ಸೋಪಿನ ನೊರೆ ತೊಟ್ಟಿಕ್ಕಿತು. ಚಾಂಪಿಯನ್ ಅದನ್ನು ಬಲಗೈ ಹೆಬ್ಬೆರಳಿನಿಂದ ಮೆತ್ತಗೆ ಒರೆಸಿ, ತಲೆಯಾಡಿಸಿ, ಮೆಟ್ಟಿಲಿಳಿದು ಹೋದ. ಹೆಜ್ಜೆಯ ಸದ್ದೇ ಇಲ್ಲ. ಗಂಟೆರಾಯ ಬಾಗಿಲಲ್ಲೇ ನಿಂತ. ಆ ಕೈ! ಹನ್ನೊಂದು ವರ್ಷದ ಹಿಂದೆ ಆ ಕೈಯನ್ನು ಅವನು ಮೊದಲು ನೋಡಿದ್ದು ಹೊರಗಿನಿಂದಲ್ಲ, ಒಳಗಿನಿಂದ.

ಗಂಟೆರಾಯ ದೊಡ್ಡಾಸ್ಪತ್ರೆಯಲ್ಲಿ ಎಕ್ಸ್‌ರೇ ಫಿಲ್ಮ್ ತೊಳೆಯುವವನು. ಕತ್ತಲೆ ಕೋಣೆಯೊಳಗೆ ಫಿಲ್ಮನ್ನು ಮದ್ದಿನ ನೀರಲ್ಲಿ ಮೂರು ನಿಮಿಷ ಮುಳುಗಿಸಿಡಬೇಕು. ಕಡಿಮೆಯಾದರೆ ಮೂಳೆ ಕಾಣದು, ಹೆಚ್ಚಾದರೆ ಎಲ್ಲಾ ಕಪ್ಪು. ಅಲ್ಲಿ ಗಡಿಯಾರ ಕಾಣುವುದಿಲ್ಲವಾದ್ದರಿಂದ ಅವನು ಮನಸ್ಸಿನಲ್ಲೇ ಎಣಿಸುತ್ತಿದ್ದ. ಒಂದು ಸಂಜೆ ಹಾಗೆ ಎಣಿಸಿ, ಫಿಲ್ಮ್ ಎತ್ತಿ, ದೀಪದ ಮುಂದೆ ಹಿಡಿದರೆ ಬಲಗೈಯ ಮೂಳೆಯೊಂದು ಕಡ್ಡಿಯ ಹಾಗೆ ಮುರಿದು ಎರಡಾಗಿತ್ತು. ಹೊರಗೆ ಬೆಂಚಿನ ಮೇಲೆ ಒಬ್ಬ ಅಂಚೆಯವನು, ಕೊರಳಲ್ಲಿ ಚಿನ್ನದ ಪದಕ ಹಾಕಿಕೊಂಡು, ಸುಮ್ಮನೆ ಕೂತಿದ್ದ.

"ಯಾವಾಗ ಮುರಿದದ್ದು?" ಎಂದು ಕೇಳಿದ್ದ ಗಂಟೆರಾಯ.

"ಎರಡನೇ ಸುತ್ತಿನಲ್ಲಿ."

"ಆಮೇಲೆ?"

"ಆಮೇಲೆ ಮೂರನೇ ಸುತ್ತು."

ಅಷ್ಟೇ ಮಾತು. ಮುರಿದ ಕೈಯನ್ನು ಗದ್ದದ ಹತ್ತಿರ ಹಿಡಿದುಕೊಂಡು, ಒಂದೇ ಎಡಗೈಯಲ್ಲಿ ಮೂರು ನಿಮಿಷ ಆಡಿ ಗೆದ್ದಿದ್ದ ಎನ್ನುವುದು ಗಂಟೆರಾಯನಿಗೆ ಮರುದಿನ ಪೇಪರಿನಿಂದ ತಿಳಿಯಿತು. ಮರುವಾರವೇ ಅವನು ಬಾಕ್ಸಿಂಗ್ ಸಂಘಕ್ಕೆ ಹೋಗಿ, ಏನಾದರೂ ಕೆಲಸ ಕೊಡಿ, ನೆಲ ಒರೆಸೋದಾದರೂ ಸರಿ ಎಂದ. ಸಂಬಳವಿಲ್ಲದ ಒಂದು ಕೆಲಸ ಖಾಲಿಯಿತ್ತು, ಟೈಮ್‌ಕೀಪರ್. ಪರೀಕ್ಷೆ ಪಾಸು ಮಾಡಿ, ಲೈಸೆನ್ಸ್ ತಗೊಂಡು, ರಿಂಗಿನಿಂದ ಮೂರಡಿ ದೂರದ ಮರದ ಕುರ್ಚಿಯಲ್ಲಿ ಹಿತ್ತಾಳೆ ಗಂಟೆಯ ಪಕ್ಕ ಕೂತ. ಅಂದಿನಿಂದ ಊರಿಗೆಲ್ಲಾ ಅವನು ಗಂಟೆರಾಯ.

"ಏನ್ರೀ ಅದು, ಬಾಗಿಲು ತೆಗೆದಿಟ್ಟು ಗೋಡೆ ನೋಡ್ತಾ ನಿಂತಿದ್ದೀರಿ?" ಹೆಂಡತಿ ಅವನ ಕೈಯಿಂದ ಸಂಘದ ಲಕೋಟೆ ಕಿತ್ತುಕೊಂಡು ಗಟ್ಟಿಯಾಗಿ ಓದಿದಳು. ಅವಳಿಗೆ ಯಾವುದನ್ನೂ ಮನಸ್ಸಿನಲ್ಲಿ ಓದಿ ಅಭ್ಯಾಸವಿಲ್ಲ.

"'ಕಳೆದ ಭಾನುವಾರದ ಸೆಮಿಫೈನಲ್ ಪಂದ್ಯದ ಮೂರನೇ ಸುತ್ತು ಮೂರು ನಿಮಿಷದ ಬದಲು ಮೂರು ನಿಮಿಷ ನಲವತ್ತೊಂದು ಸೆಕೆಂಡು ನಡೆದಿರುವುದಾಗಿ ಎದುರಾಳಿಯ ಕೋಚ್ ದೂರು ಕೊಟ್ಟಿದ್ದಾರೆ. ಇಂದಿನ ಫೈನಲ್‌ನಲ್ಲಿ ನಮ್ಮ ಪರಿವೀಕ್ಷಕರು ತಮ್ಮ ಪಕ್ಕದಲ್ಲೇ ಕೂತು ಬೇರೆ ಸ್ಟಾಪ್‌ವಾಚಿನಲ್ಲಿ ಸಮಯ ನೋಡುತ್ತಾರೆ. ಯಾವ ಸುತ್ತಿನಲ್ಲಾದರೂ ಎರಡು ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಪಂದ್ಯ ರದ್ದು. ಈ ವರ್ಷದ ಪಟ್ಟ ಯಾರಿಗೂ ಇಲ್ಲ.' ಅಯ್ಯೋ! ನಲವತ್ತೊಂದು ಸೆಕೆಂಡು ಏನ್ರೀ ಮಾಡ್ತಿದ್ರಿ?"

"ನೋಡ್ತಿದ್ದೆ."

"ಏನನ್ನ?"

ಹೇಳುವುದಾದರೂ ಹೇಗೆ? ಸೆಮಿಫೈನಲ್‌ನ ಆ ಕೊನೆಯ ಹೊತ್ತಿನಲ್ಲಿ ಚಾಂಪಿಯನ್ ಯಾರಿಗೂ ಹೊಡೆದಿರಲಿಲ್ಲ. ಎದುರಾಳಿ ಸೊಳ್ಳೆ ಓಡಿಸುವವನ ಹಾಗೆ ಎರಡೂ ಕೈ ಬೀಸುತ್ತಿದ್ದ. ಅವನ ಗುದ್ದು ಬಂದು ತಲುಪುವ ಜಾಗದಲ್ಲಿ ಚಾಂಪಿಯನ್ ಇರುತ್ತಲೇ ಇರಲಿಲ್ಲ. ಓಡಿಹೋಗಿರುತ್ತಿರಲಿಲ್ಲ, ಬಗ್ಗಿಯೂ ಇರುತ್ತಿರಲಿಲ್ಲ. ಅರ್ಧ ಗೇಣು ಆಚೆಗೆ, ಇದಕ್ಕೂ ತನಗೂ ಸಂಬಂಧವಿಲ್ಲವೆಂಬಂತೆ ನಿಂತಿರುತ್ತಿದ್ದ. ಕೊನೆಗೆ ಎದುರಾಳಿ ಗಾಳಿಗೆ ಗುದ್ದಿ ಗುದ್ದಿ ಸುಸ್ತಾಗಿ ತಾನೇ ಕೂತುಬಿಟ್ಟ. ಆಗ ಗಂಟೆರಾಯನಿಗೆ ಕೈಯಲ್ಲಿ ಸುತ್ತಿಗೆ ಇದೆ ಎನ್ನುವುದು ನೆನಪಾಗಿತ್ತು.

ಇದು ಮೊದಲ ಸಲವೇನಲ್ಲ. ಹನ್ನೊಂದು ವರ್ಷದಲ್ಲಿ ಒಮ್ಮೆ ಐದು ಸೆಕೆಂಡು, ಒಮ್ಮೆ ಹನ್ನೆರಡು, ಹೀಗೆ ಆಗಿತ್ತು. ಯಾರೂ ಕೇಳಿರಲಿಲ್ಲ, ಯಾಕೆಂದರೆ ರೆಫ್ರಿಯೂ ಬಾಯಿ ತೆರೆದುಕೊಂಡು ನೋಡುತ್ತಿದ್ದ. ಆದರೆ ಇವತ್ತು ಚಾಂಪಿಯನ್ನನ ಕೊನೆಯ ಪಂದ್ಯ. ನೂರ ಹದಿಮೂರನೆಯದು, ಗೆದ್ದರೆ ಹತ್ತನೇ ಪಟ್ಟ. ಇದಾದ ಮೇಲೆ ಗ್ಲೌಸ್ ತೂಗುಹಾಕುತ್ತೇನೆ ಎಂದು ಅವನೇ ಸಂಘಕ್ಕೆ ಒಂದು ಸಾಲಿನ ಕಾಗದ ಬರೆದು, ತಾನೇ ಹೋಗಿ ಬಟವಾಡೆ ಮಾಡಿದ್ದ. ಆ ಹತ್ತನೇ ಪಟ್ಟ ಇನ್ನು ಚಾಂಪಿಯನ್ನನ ಕೈಯಲ್ಲಿರಲಿಲ್ಲ. ಗಂಟೆರಾಯನ ಎರಡು ಸೆಕೆಂಡಿನಲ್ಲಿತ್ತು.

"ಒಳಗೆ ಬರಬಹುದಾ?" ಎನ್ನುತ್ತಾ ಮೇಲಿನ ಮನೆಯ ಲೆಕ್ಕದ ಮೇಷ್ಟ್ರು ಆಗಲೇ ಒಳಗೆ ಬಂದು ಕುರ್ಚಿಯಲ್ಲಿ ಕೂತಿದ್ದರು. ನಿವೃತ್ತರಾಗಿ ಆರು ವರ್ಷವಾದರೂ ಅವರಿಗೆ ತಪ್ಪು ಲೆಕ್ಕದ ವಾಸನೆ ಎರಡು ಮಹಡಿ ಆಚೆಗೂ ಬಡಿಯುತ್ತಿತ್ತು. "ಮೆಟ್ಟಿಲ ಮೇಲೆಲ್ಲಾ ಕೇಳಿಸ್ತಮ್ಮ. ಅಯ್ಯಾ, ರಜೆ ಹಾಕು. ಬೇರೆ ಯಾರಾದ್ರೂ ಬಾರಿಸಲಿ."

"ಲೈಸೆನ್ಸ್ ಇರೋದು ನನ್ನೊಬ್ಬನ ಹತ್ರ ಮೇಷ್ಟ್ರೇ. ನಾನು ಹೋಗದಿದ್ರೆ ಪಂದ್ಯಾನೇ ಇಲ್ಲ."

"ಹಾಗಾದ್ರೆ ರೋಗ ಏನು ಅಂತ ಮೊದಲು ನೋಡೋಣ. ಗೋಡೆ ಕಡೆ ತಿರುಗು. ಮೂರು ನಿಮಿಷ ಎಣಿಸಿ, ಆಯ್ತು ಅನ್ನು." ಮೇಷ್ಟ್ರು ಜೇಬಿನ ಗಡಿಯಾರವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರು.

ಗಂಟೆರಾಯ ಗೋಡೆಗೆ ಮುಖ ಮಾಡಿದ. ಸೋಪು ಕೆನ್ನೆಯ ಮೇಲೆ ಒಣಗಿತು. "ಆಯ್ತು."

"ಮೂರು ನಿಮಿಷ, ಸೊನ್ನೆ ಸೆಕೆಂಡು!" ಮೇಷ್ಟ್ರು ಬೆರಗಾದರು. "ಭಲೇ! ಈಗ ಕಿಟಕಿ ಹತ್ರ ಬಾ. ಅಗೋ, ನಿನ್ನ ಚಾಂಪಿಯನ್ ಬೀದಿಯಲ್ಲಿ ಕಾಗದ ಹಂಚ್ತಿದ್ದಾನೆ. ಅವನನ್ನ ನೋಡ್ತಾ ಎಣಿಸು."

ಕೆಳಗೆ ಚಾಂಪಿಯನ್ ಬೀದಿ ದಾಟುತ್ತಿದ್ದ. ಒಂದು ಸೈಕಲ್ಲು ಎದುರಿಗೆ ಬಂತು, ಹಿಂದಿನಿಂದ ಕೈಗಾಡಿ, ಮೇಲಿನಿಂದ ಯಾರೋ ಬಾಲ್ಕನಿಯಲ್ಲಿ ಕೊಡವಿದ ಚಾಪೆಯ ಧೂಳು. ಅವನು ಮೂರಕ್ಕೂ ಸಿಗಲಿಲ್ಲ. ತಲೆಯನ್ನೂ ಎತ್ತಲಿಲ್ಲ, ಲಕೋಟೆಯ ಮೇಲಿನ ವಿಳಾಸ ಓದುತ್ತಲೇ ಇದ್ದ.

"ಆಯ್ತು," ಎಂದ ಗಂಟೆರಾಯ.

"ಆರು ನಿಮಿಷ ಹತ್ತು ಸೆಕೆಂಡು. ಅವನು ಬೀದಿ ಬಿಟ್ಟು ಹೋಗಿಯೇ ಎರಡು ನಿಮಿಷ ಆಯ್ತಲ್ಲಯ್ಯಾ!" ಮೇಷ್ಟ್ರು ಗಡಿಯಾರ ಮುಚ್ಚಿದರು. "ತಿಳೀತು. ನಿನ್ನ ಎಣಿಕೆಯಲ್ಲಿ ದೋಷ ಇಲ್ಲ. ದೋಷ ಇರೋದು ಕಣ್ಣಲ್ಲಿ. ಕಣ್ಣಿಗೊಂದು ದಾರಿ ಹುಡುಕು."

ಮೇಷ್ಟ್ರು ಈ ಮಾತನ್ನು ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಅವರಿಗೆ ಅವತ್ತೇ ಮಂಡಿಯ ಎಕ್ಸ್‌ರೇ ಇತ್ತು. ಗಂಟೆರಾಯ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಸುದ್ದಿ ಅವನಿಗಿಂತ ಮೊದಲು ಮುಟ್ಟಿ, ಔಷಧದ ಕೌಂಟರಿನಿಂದ ಅಡುಗೆಮನೆಯವರೆಗೆ ಓಡಾಡಿ ಬಂದಿತ್ತು.

ದೊಡ್ಡ ಸಿಸ್ಟರ್ ಕಾರಿಡಾರಿನಲ್ಲೇ ತಡೆದರು. "ನಮ್ಮ ವಾರ್ಡಿನವರೆಲ್ಲಾ ಸಂಜೆ ಬರ್ತಿದ್ದೀವಿ. ನೀವು ಗಂಟೆ ಮರೆತು ಪಂದ್ಯ ರದ್ದಾಯ್ತೋ, ಇಂಜೆಕ್ಷನ್ ಕೊಡೋವಾಗ ನಾನೂ ಸೂಜಿ ತೆಗೆಯೋದು ಮರೀತೀನಿ, ನೆನಪಿರಲಿ."

ಎಕ್ಸ್‌ರೇ ಡಾಕ್ಟರು, ಕಾಲಿಗೆ ಹಗ್ಗ ಕಟ್ಟಿ ಮೂರು ನಿಮಿಷಕ್ಕೆ ಸರಿಯಾಗಿ ಯಾರಿಂದಾದರೂ ಎಳೆಸಿಕೊಳ್ಳುವುದು ಒಳ್ಳೆಯದು ಎಂದರು. ಲಿಫ್ಟಿನವನು ಮೆಣಸು ಅಗಿಯಲು ಹೇಳಿದ. ಎಲ್ಲರ ಸಲಹೆಗೂ ತಲೆಯಾಡಿಸಿ ಆಡಿಸಿ ಗಂಟೆರಾಯನ ಕತ್ತು ಸಡಿಲವಾಯಿತು. ಅವನು ಕತ್ತಲೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಅಲ್ಲಿ ಯಾರೂ ಇರಲಿಲ್ಲ. ಮದ್ದಿನ ನೀರು ತಣ್ಣಗಿತ್ತು. ಮೌನ ಎಷ್ಟು ಹಿತವಾಗಿತ್ತೆಂದರೆ ಸಂಜೆಯೇ ಬರದಿರಲಿ ಎನ್ನಿಸಿತು. ಆದರೆ ಒಳಗೊಳಗೇ ಸಂಜೆಗಾಗಿ ಜೀವ ತುಡಿಯುತ್ತಲೂ ಇತ್ತು. ಕೊನೆಯ ಪಂದ್ಯ. ಇನ್ನು ಮುಂದೆ ನೋಡಲು ಏನಿದೆ?

ಮಧ್ಯಾಹ್ನ ಮೂರಕ್ಕೆ ಬಾಗಿಲು ತಟ್ಟಿದವನು ಅವನ ಹೆಂಡತಿಯ ತಮ್ಮ, ಕಣ್ಣಿನ ವಿಭಾಗದ ಅಟೆಂಡರ್. ಹತ್ತು ವರ್ಷದಿಂದ ರೋಗಿಗಳ ಕಣ್ಣಿಗೆ ಹನಿ ಬಿಡುವುದು ಅವನ ಕೆಲಸ.

"ಭಾವಾ, ಅಕ್ಕ ಫೋನ್ ಮಾಡಿದ್ಲು. ಕಣ್ಣಿಗೆ ದಾರಿ ಬೇಕಂತೆ ನಿಮಗೆ. ನನ್ನ ಕೈಯಲ್ಲಿದೆ ನೋಡಿ." ಒಂದು ಪುಟ್ಟ ಬಾಟಲಿ ಅಲ್ಲಾಡಿಸಿದ. "ಡಾಕ್ಟರು ಕಣ್ಣು ಪರೀಕ್ಷೆ ಮಾಡೋಕೆ ಮುಂಚೆ ಹಾಕೋದು. ಎರಡು ಹನಿ ಹಾಕಿದ್ರೆ ಮುಗೀತು, ರಾತ್ರಿಯವರೆಗೂ ಮಂಜು. ರೋಗಿಗಳು ಗೋಡೆ ಹಿಡ್ಕೊಂಡು ಮನೆಗೆ ಹೋಗ್ತಾರೆ. ಚಾಂಪಿಯನ್ ನಿಮ್ಮ ಮುಂದೆ ಕುಣಿದ್ರೂ ಕಾಣಲ್ಲ."

"ಅಪಾಯ ಇಲ್ಲ ತಾನೇ?"

"ಏನು ಭಾವಾ ನೀವು! ಹತ್ತು ವರ್ಷದಿಂದ ಹಾಕ್ತಿದ್ದೀನಿ, ಒಬ್ಬರಾದ್ರೂ ವಾಪಸ್ ಬಂದು ಬೈದಿದ್ದಾರಾ?"

ವಾಪಸ್ ಬರಲು ದಾರಿ ಕಾಣಬೇಕಲ್ಲ ಎನ್ನುವುದು ಗಂಟೆರಾಯನಿಗೆ ಹೊಳೆಯುವಷ್ಟರಲ್ಲಿ ಎರಡು ಕಣ್ಣಿಗೂ ಎರಡೆರಡು ಹನಿ ಬಿದ್ದಿತ್ತು.

ಅರ್ಧ ಗಂಟೆಯಲ್ಲಿ ಮಂಜು ಕವಿಯಿತು. ತನ್ನ ಅಂಗೈ ಕಾಣಲಿಲ್ಲ. ಅಂಗಿಯ ಗುಂಡಿ ಒಂದಕ್ಕೊಂದು ತಪ್ಪಿ ಸೇರಿತು. ಹಾಜರಿ ಪುಸ್ತಕದಲ್ಲಿ ತನ್ನ ಸಹಿಯನ್ನು ದೊಡ್ಡ ಸಿಸ್ಟರ್ ಹೆಸರಿನ ಮುಂದೆ ಹಾಕಿದ. "ಕೆಲಸ ಮಾಡ್ತಿದೆ!" ಎಂದು ಭಾವಮೈದ ಕುಣಿದಾಡಿದ. ಬೆಳಕು ಕುಕ್ಕದಿರಲಿ ಎಂದು ರಟ್ಟಿನ ಕಪ್ಪು ಕನ್ನಡಕ ತಗುಲಿಸಿ, ಕೈ ಹಿಡಿದು ಬಸ್ ಸ್ಟಾಪಿಗೆ ಕರೆತಂದ.

ಅಲ್ಲಿ ಗಂಟೆರಾಯ ಥಟ್ಟನೆ ನಿಂತ.

"ನಾಲ್ಕನೇ ನಂಬರ್ ಬಸ್ ಬರ್ತಿದೆ," ಎಂದ.

"ಹೌದಾ? ನನಗಿನ್ನೂ ಕಾಣ್ತಿಲ್ಲ ಭಾವಾ."

"ಅದೇ ಹೇಳ್ತಿರೋದು. ನನಗೆ ಕಾಣ್ತಿದೆ! ಬಸ್ಸು, ಅದರ ನಂಬರು, ಡ್ರೈವರನ ಮೀಸೆ, ಎಲ್ಲಾ! ದೂರದ್ದೆಲ್ಲಾ ಕಾಣ್ತಿದೆ ಮಹಾರಾಯ, ಹತ್ತಿರದ್ದು ಮಾತ್ರ ಕಾಣ್ತಿಲ್ಲ! ಚಾಂಪಿಯನ್ ಮೂರಡಿ ಆಚೆ, ಚೆನ್ನಾಗೇ ಕಾಣ್ತಾರೆ. ಸ್ಟಾಪ್‌ವಾಚ್ ನನ್ನ ಕೈಯಲ್ಲಿ!"

ಭಾವಮೈದ ಸ್ವಲ್ಪ ಹೊತ್ತು ಯೋಚಿಸಿದ. "ಹಾಗಾದ್ರೆ ರೋಗಿಗಳು ಗೋಡೆ ಯಾಕೆ ಹಿಡ್ಕೋತಾರೆ?" ಎಂದು ತನ್ನನ್ನೇ ಕೇಳಿಕೊಂಡ. ಹತ್ತು ವರ್ಷದಲ್ಲಿ ಮೊದಲ ಬಾರಿಗೆ ಅವನಿಗೆ ತನ್ನ ಕೆಲಸದ ಬಗ್ಗೆ ಸಂಶಯ ಬಂದಿತ್ತು.

ಕ್ರೀಡಾಂಗಣದ ಹಾಲ್ ಐದೂವರೆಗೇ ತುಂಬಿತ್ತು. ಅಂಚೆ ಕಚೇರಿಯವರು ಒಂದು ಪಕ್ಕ, ಆಸ್ಪತ್ರೆಯವರು ಇನ್ನೊಂದು ಪಕ್ಕ. ಒಮ್ಮೆಯೂ ಪಂದ್ಯ ನೋಡದ ಗಂಟೆರಾಯನ ಹೆಂಡತಿ ಇವತ್ತು ಗಂಡನನ್ನು ಕಾಯಲೆಂದೇ ಬಂದು ಎರಡನೇ ಸಾಲಿನಲ್ಲಿ ಮೇಷ್ಟ್ರ ಪಕ್ಕ ಕೂತಿದ್ದಳು. ದೀಪಗಳು ಗಂಟೆರಾಯನಿಗೆ ತಟ್ಟೆ ತಟ್ಟೆಯಷ್ಟು ದೊಡ್ಡದಾಗಿ ಕಂಡವು. ಸ್ಟಾಪ್‌ವಾಚ್ ಮಜ್ಜಿಗೆಯಲ್ಲಿ ಬಿದ್ದ ಬಿಲ್ಲೆಯ ಹಾಗಿತ್ತು. ಮುಳ್ಳೂ ಇಲ್ಲ, ಅಂಕಿಯೂ ಇಲ್ಲ.

ಪರಿವೀಕ್ಷಕರು ಬಂದರು. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದಂಥದೇ ಮುಖ. ಕಪ್ಪು ಕನ್ನಡಕ ನೋಡಿ ನಿಂತರು.

"ಏನ್ರೀ ಇದು? ಟೈಮ್‌ಕೀಪರ್‌ಗೆ ಕಣ್ಣೂ ಕಾಣಲ್ವಾ?"

"ಕಾಣುತ್ತೆ ಸಾರ್. ಸ್ವಲ್ಪ ಕಣ್ಣುಬೇನೆ."

ಪರಿವೀಕ್ಷಕರು ತಮ್ಮ ಕುರ್ಚಿಯನ್ನು ಎರಡಡಿ ಆಚೆಗೆ ಎಳೆದುಕೊಂಡು ಕರವಸ್ತ್ರ ಮೂಗಿಗೆ ಹಿಡಿದರು. "ಇಪ್ಪತ್ತಾರು ವರ್ಷದ ಸರ್ವಿಸ್ ನನ್ನದು. ಒಂದೇ ಒಂದು ಸೆಕೆಂಡು ಬಿಟ್ಟಿಲ್ಲ. ನೀವು ಎರಡು ಸೆಕೆಂಡು ದಾಟಿದ್ರೆ ಅಲ್ಲಿಗೆ ಮುಗೀತು, ತಿಳ್ಕೊಳ್ಳಿ."

ಚಾಂಪಿಯನ್ ಕೆಂಪು ಮೂಲೆಗೆ ಬಂದ. ನೀಲಿ ಮೂಲೆಯಲ್ಲಿ ಉಕ್ಕಿನ ಕಾರ್ಖಾನೆಯ ಒಬ್ಬ ಎಡಚ, ಇಪ್ಪತ್ತೆರಡು ವರ್ಷದವನು, ಬೀರುವಿನ ಹಾಗಿದ್ದ. ಚಾಂಪಿಯನ್ ಅವನ ಮುಂದೆ ಬೀರುವಿಗೆ ಒರಗಿಸಿಟ್ಟ ಕೊಡೆಯಂತೆ ಕಂಡ. ಕಾಣುತ್ತಿದ್ದ ಎನ್ನುವುದೇ ತೊಂದರೆ. ಕಣಕಾಲಿನ ನರ ಕೂಡ ಗಂಟೆರಾಯನಿಗೆ ಬಿಡಿಬಿಡಿಯಾಗಿ ಕಾಣುತ್ತಿತ್ತು.

ದಾರಿ ಒಂದೇ ಇತ್ತು. ಗಂಟೆರಾಯ ಕಪ್ಪು ಕನ್ನಡಕದ ಹಿಂದೆ ಎರಡೂ ಕಣ್ಣು ಮುಚ್ಚಿದ. ಫಿಲ್ಮ್ ತೊಳೆಯುವಾಗಿನ ಹಾಗೆ. ಗಂಟೆ ಬಾರಿಸಿದ. ಒಂದು, ಎರಡು, ಮೂರು...

ನೂರ ಎಪ್ಪತ್ತಕ್ಕೆ, ಇನ್ನು ಹತ್ತೇ ಸೆಕೆಂಡು ಎಂದು ತಿಳಿಸಲು, ಹಲಗೆಗೆ ಎರಡು ಸಲ ಬಡಿದ. ನೂರ ಎಂಬತ್ತಕ್ಕೆ ಗಂಟೆ.

"ಹೂಂ, ಸರಿಯಾಗಿದೆ," ಎಂದರು ಪರಿವೀಕ್ಷಕರು ಕರವಸ್ತ್ರದೊಳಗಿನಿಂದ.

ಎರಡನೇ ಸುತ್ತು. ಜನ ಕೂಗಾಡಿದರು, ಆ ಕೂಗಾಟದಲ್ಲಿ ಎಣಿಕೆ ಹಿಡಿದಿಟ್ಟುಕೊಳ್ಳುವುದು ತುಂಬಿದ ಬಿಂದಿಗೆ ಹೊತ್ತು ಸಂತೆಯಲ್ಲಿ ನಡೆದ ಹಾಗಿತ್ತು. ಎಡಚನ ಗುದ್ದು ಚಾಂಪಿಯನ್ನನ ಮುಖಕ್ಕೆ ಬಿದ್ದ ಸದ್ದು ಕೇಳಿಸಿತು. ಒಮ್ಮೆ. ಇನ್ನೊಮ್ಮೆ. ಗಂಟೆರಾಯ ಎಣಿಸುತ್ತಲೇ ಇದ್ದ. ಕಣ್ಣು ಬಿಡಲಿಲ್ಲ. ಗಂಟೆ.

"ಒಂದು ಸೆಕೆಂಡು ಹೆಚ್ಚು. ಪರವಾಗಿಲ್ಲ. ಆದ್ರೆ ಪಂದ್ಯ ಕೈ ತಪ್ಪೋ ಹಾಗಿದೆ ನಿಮ್ಮವರಿಗೆ. ಪಾಯಿಂಟಿನಲ್ಲಿ ಆ ಎಡಚನೇ ಮುಂದಿದ್ದಾನೆ."

ಮೂರನೇ ಸುತ್ತು ಶುರುವಾಯಿತು. ನಲವತ್ತರವರೆಗೆ ಕೂಗಾಟ ಇದ್ದೇ ಇತ್ತು. ಅರವತ್ತಕ್ಕೆ ಅದು ಸ್ವಲ್ಪ ಇಳಿಯಿತು. ತೊಂಬತ್ತರ ಹೊತ್ತಿಗೆ ಯಾರೋ ಹಾಲಿನ ಬಾಗಿಲು ಮುಚ್ಚಿದ ಹಾಗೆ ಎಲ್ಲಾ ಸದ್ದೂ ನಿಂತುಹೋಯಿತು.

ಎರಡು ಸಾವಿರ ಜನ ಕೂತ ಹಾಲಿನಲ್ಲಿ ಒಬ್ಬನೂ ಕೆಮ್ಮಲಿಲ್ಲ. ಗಂಟೆರಾಯನಿಗೆ ಎಡಚನ ಏದುಸಿರು ಕೇಳುತ್ತಿತ್ತು, ಅವನ ಬೂಟು ಕಿರ್ರೆನ್ನುವುದು ಕೇಳುತ್ತಿತ್ತು. ಚಾಂಪಿಯನ್ನನದು ಬಹಳ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಕೇಳಿತು. ಬಾಗಿಲಡಿ ಕಾಗದ ತೂರಿಸುವಾಗಿನಂಥ ಒಂದು ತೆಳು ಸದ್ದು. ಕ್ಯಾನ್ವಾಸಿನ ಮೇಲೆ ಪಾದ ಸರಿಯುವುದು. ನೂರ ಹನ್ನೆರಡು. ನೂರ ಹದಿಮೂರು. ಆ ಸದ್ದು ಎಡಗಡೆಯಿಂದ ಹೊರಟದ್ದು ಬಲಗಡೆ ಕೇಳಿಸಿತು, ನಡುವೆ ಏನೂ ಇಲ್ಲ. ಇದು ಹೇಗೆ ಸಾಧ್ಯ? ಅವನ ಹನ್ನೊಂದು ವರ್ಷದಲ್ಲಿ ಹೀಗೊಂದು ಸದ್ದು ಬಂದಿರಲಿಲ್ಲ.

ಎರಡಡಿ ಆಚೆ ಪರಿವೀಕ್ಷಕರು, "ಅಯ್ಯಪ್ಪಾ," ಎಂದರು, ತೀರಾ ಮೆಲ್ಲಗೆ.

ರೆಪ್ಪೆಗಳು ಹಗ್ಗ ಕಿತ್ತುಕೊಂಡು ಓಡುವ ಕರುಗಳಂತೆ ಜಗ್ಗಿದವು. ಒಂದು ಕಣ್ಣು. ಅರ್ಧ ಕಣ್ಣು. ಒಂದೇ ಒಂದು ಸೆಕೆಂಡು ನೋಡಿ ಮುಚ್ಚಿಬಿಟ್ಟರೆ? ಆದರೆ ಆ ಒಂದು ಸೆಕೆಂಡಿನ ಗುಣ ಅವನಿಗೆ ಗೊತ್ತಿತ್ತು. ಅದು ನಲವತ್ತೊಂದಾಗಿ ಬೆಳೆಯುತ್ತದೆ. ಹತ್ತನೇ ಪಟ್ಟ, ಹತ್ತನೇ ಪಟ್ಟ ಎನ್ನುತ್ತಾ ಮುಖವನ್ನೆಲ್ಲಾ ಮುದ್ದೆ ಮಾಡಿ ಕಣ್ಣು ಬಿಗಿದ. ನೂರ ಐವತ್ತೆಂಟು. ಆಗ ಇಡೀ ಹಾಲ್ ಒಟ್ಟಿಗೆ ಉಸಿರು ಎಳೆದುಕೊಂಡಿತು. ಎರಡು ಸಾವಿರ ಜನರ ಉಸಿರು. ಎಳೆದುಕೊಂಡ ಉಸಿರನ್ನು ಯಾರೂ ಬಿಡಲಿಲ್ಲ.

ನೂರ ಎಪ್ಪತ್ತು. ಹಲಗೆಗೆ ಎರಡು ಏಟು. ನೂರ ಎಂಬತ್ತು.

ಗಂಟೆ.

ಏನೂ ಆಗಲಿಲ್ಲ. ಮೌನ ಹಾಗೇ ಇತ್ತು. ಗಂಟೆರಾಯ ಹೆದರಿ ಕಣ್ಣು ಬಿಟ್ಟ. ಚಾಂಪಿಯನ್ ಆಗಲೇ ತನ್ನ ಮೂಲೆಗೆ ನಡೆಯುತ್ತಿದ್ದ, ಬೆನ್ನು ಮಾತ್ರ ಕಂಡಿತು. ಎಡಚ ರಿಂಗಿನ ನಡುವೆ ಎರಡೂ ಕೈ ಇಳಿಬಿಟ್ಟು, ಮಳೆ ನಿಂತಿದ್ದು ಗೊತ್ತಾಗದವನ ಹಾಗೆ ನಿಂತಿದ್ದ. ರೆಫ್ರಿ ತನ್ನ ತಲೆಯನ್ನು ತಾನೇ ಹಿಡಿದುಕೊಂಡಿದ್ದ. ಆಮೇಲೆ ಛಾವಣಿ ಹಾರಿಹೋಗುವ ಹಾಗೆ ಇಡೀ ಹಾಲ್ ಬೊಬ್ಬಿರಿಯಿತು.

ಐವರು ಜಡ್ಜುಗಳೂ ಕೆಂಪು ಮೂಲೆಗೇ ಗೆಲುವು ಕೊಟ್ಟಿದ್ದರು. ಹತ್ತನೇ ಪಟ್ಟ!

ಗಂಟೆರಾಯ ಎರಡನೇ ಸಾಲಿಗೆ ಓಡಿದ. "ಏನಾಯ್ತು? ಏನು ಮಾಡಿದ್ರು?"

ಹೆಂಡತಿ ಅವನ ತೋಳು ಹಿಡಿದುಕೊಂಡಳು. "ರೀ..." ಎಂದಳು. ಯಾವುದನ್ನೂ ಮನಸ್ಸಿನಲ್ಲಿಟ್ಟುಕೊಳ್ಳದ ಹೆಂಗಸು ಮುಂದೆ ಮಾತಾಡಲಾರದೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಮೇಷ್ಟ್ರೇ, ನೀವಾದ್ರೂ ಹೇಳಿ!"

"ಲೆಕ್ಕಕ್ಕೆ ಸಿಗಲ್ಲಯ್ಯಾ," ಎಂದರು ಮೇಷ್ಟ್ರು, ದಪ್ಪ ಕನ್ನಡಕ ತೆಗೆದು ಒರೆಸುತ್ತಾ. "ನನ್ನ ಕಣ್ಣಿಗೇ ಹೀಗೆ ಕಂಡಿದೆ. ನೀನು ಮೂರಡಿ ದೂರದಲ್ಲಿದ್ದೆ, ಪುಣ್ಯವಂತ. ನೀನು ನನಗೆ ಹೇಳ್ಬೇಕು!"

ಭಾವಮೈದ, "ಹೀಗೆ ಬಂದ್ರು ಭಾವಾ, ಹೀಗೆ, ಆಮೇಲೆ ಹೀಗೆ..." ಎಂದು ತೋರಿಸಲು ಹೋಗಿ ಕಂಬಕ್ಕೆ ಗುದ್ದಿ, ಕೈ ಅಲ್ಲಾಡಿಸುತ್ತಾ ಕೂತ. ದೊಡ್ಡ ಸಿಸ್ಟರ್ ಅವನ ಕೈ ನೋಡುವ ಬದಲು ಇನ್ನೂ ರಿಂಗನ್ನೇ ನೋಡುತ್ತಿದ್ದರು.

ಗಂಟೆರಾಯ ತನ್ನ ಕುರ್ಚಿಗೆ ವಾಪಸಾದ. ನೋಡದಿದ್ದರೇನಂತೆ? ಪಟ್ಟ ಉಳಿಯಿತು. ಅಷ್ಟಕ್ಕಾದರೂ ಒಂದು ಸಹಿ ಬೀಳಲಿ.

"ಎಷ್ಟಾಯ್ತು ಸಾರ್? ಮೂರನೇ ಸುತ್ತು?"

ಪರಿವೀಕ್ಷಕರ ಇಸ್ತ್ರಿ ಪೂರ್ತಿ ಕೆಟ್ಟಿತ್ತು. ಕರವಸ್ತ್ರ ಮೂಗಿನಿಂದ ಕಣ್ಣಿಗೆ ಹೋಗಿತ್ತು. ಅವರು ಅಂಗೈಯಲ್ಲಿದ್ದ ಸ್ಟಾಪ್‌ವಾಚನ್ನು ಯಾರದೋ ಹಸುಗೂಸು ಕೈಗೆ ಬಂದ ಹಾಗೆ ನೋಡಿದರು. ಅದು ಇನ್ನೂ ಟಿಕ್ ಟಿಕ್ ಎನ್ನುತ್ತಿತ್ತು.

"ಒಂಬತ್ತು ನಿಮಿಷ ನಲವತ್ತು ಸೆಕೆಂಡು," ಎಂದರು. "ನಿಲ್ಲಿಸೋದು ಮರೆತೆ ಸ್ವಾಮಿ. ಇಪ್ಪತ್ತಾರು ವರ್ಷದ ಸರ್ವಿಸ್‌ನಲ್ಲಿ..." ಸುತ್ತಮುತ್ತ ನೋಡಿ ದನಿ ತಗ್ಗಿಸಿದರು. "ನಿಮ್ಮದರಲ್ಲಿ ಎಷ್ಟಿತ್ತು?"

"ಮೂರು ನಿಮಿಷ. ಸೊನ್ನೆ."

"ಅದನ್ನೇ ಬರೀತೀನಿ. ನಮ್ಮಿಬ್ಬರಲ್ಲೇ ಇರಲಿ." ಬರೆದು ಸಹಿ ಹಾಕಿ, ತಲೆಯೆತ್ತಿ ಗಂಟೆರಾಯನನ್ನು ವಿಚಿತ್ರವಾಗಿ ನೋಡಿದರು. "ಆದ್ರೂ ನಿಮ್ಮದೆಂಥಾ ಕಲ್ಲು ಮನಸ್ಸು ರೀ! ಅಂಥದ್ದನ್ನ ನೋಡ್ತಾ ನೋಡ್ತಾ ಗಂಟೆ ಬಾರಿಸೋಕೆ ಕೈ ಹೇಗೆ ಬಂತು?"

ಆ ಮಾತನ್ನು ನುಂಗಿಕೊಂಡು ಗಂಟೆರಾಯ ಬಟ್ಟೆ ಬದಲಿಸುವ ಕೋಣೆಗೆ ಹೋದ. ಚಾಂಪಿಯನ್ ಒಬ್ಬನೇ ಬೆಂಚಿನ ಮೇಲೆ ಕೂತು ಕೈಗೆ ಸುತ್ತಿದ ಪಟ್ಟಿ ಬಿಚ್ಚುತ್ತಿದ್ದ. ಹೊರಗೆ ಅವನ ಹೆಸರು ಹಿಡಿದು ಜನ ಕೂಗುತ್ತಿದ್ದರು. ಪದಕ ಬೆಂಚಿನ ತುದಿಯಲ್ಲಿ ಬಿದ್ದಿತ್ತು. ಗಂಟೆರಾಯ ಬಾಗಿಲ ಬಳಿ ನಿಂತು ಆ ಕೈಗಳನ್ನೇ ನೋಡಿದ. ಅದೂ ಗಂಟೆರಾಯನಿಗೆ ದೊಡ್ಡ ಭಾಗ್ಯವೇ ಆಗಿತ್ತು.

"ಇವತ್ತು ಆಟ ಚೆನ್ನಾಗಿ ಬರಲಿಲ್ಲ, ಅಲ್ವಾ?" ಎಂದ ಚಾಂಪಿಯನ್.

"ಅಣ್ಣಾ! ಏನಂತ ಹೇಳ್ತಿದ್ದೀರಿ? ಹೊರಗೆ ಇಡೀ ಹಾಲ್ ಅಳ್ತಿದೆ!"

"ಜನ ಅಳ್ತಾರೆ. ಕೊನೇ ಪಂದ್ಯ ಅಂತ." ಪಟ್ಟಿಯ ಇನ್ನೊಂದು ಸುತ್ತು ಬಿಚ್ಚಿದ. "ಆಡುವಾಗ ನನಗೇನೂ ಗೊತ್ತಾಗಲ್ಲ. ಚೆನ್ನಾಗಿ ಆಡಿದೆನೋ ಇಲ್ವೋ ಅಂತ ನಾನು ತಿಳ್ಕೊಳ್ತಿದ್ದದ್ದು ನಿನ್ನ ಗಂಟೆಯಿಂದ. ನನಗೂ ಒಳಗೆ ಒಂದು ಲೆಕ್ಕ ಇರುತ್ತಲ್ಲ, ಮೂರು ನಿಮಿಷದ್ದು. ಅದು ಮುಗಿದ ಮೇಲೂ ಗಂಟೆ ಬರಲಿಲ್ಲ ಅಂದ್ರೆ, ಓಹೋ, ಇವತ್ತು ಏನೋ ಆಗಿದೆ, ಇವನು ಮರೆತಿದ್ದಾನೆ ಅಂತ. ಕೈ ಮುರಿದದ್ದರಿಂದ ಹಿಡಿದು ನನ್ನನ್ನ ಸರಿಯಾಗಿ ನೋಡಿದವನು ನೀನೊಬ್ಬನೇ. ಹೋದ ವಾರ ನಲವತ್ತು ಸೆಕೆಂಡು ಮರೆತೆ."

"ನಲವತ್ತೊಂದು," ಎಂದ ಗಂಟೆರಾಯ.

"ಇವತ್ತು ಒಂದು ಸೆಕೆಂಡೂ ಮರೆಯಲಿಲ್ಲ."

"ಅಣ್ಣಾ, ನಾನು... ಇವತ್ತು ನಾನು ನೋಡಲೇ ಇಲ್ಲ!"

ಚಾಂಪಿಯನ್ ತಲೆಯಾಡಿಸಿದ. ಅದರಲ್ಲಿ ಬೇಸರವಿರಲಿಲ್ಲ, ನಿಜ ಹೇಳಿದವನ ಮೇಲಿನ ಗೌರವವಿತ್ತು. "ನಾನೂ ಅದನ್ನೇ ಹೇಳ್ತಿರೋದು. ನೋಡುವಂಥದ್ದು ಏನೂ ಇರಲಿಲ್ಲ."

ಎರಡು ಸಾವಿರ ಜನರ ಸಾಕ್ಷಿ ಹೊರಗೆ ಬೊಬ್ಬೆ ಹೊಡೆಯುತ್ತಿತ್ತು; ಅದನ್ನು ಈ ಮನುಷ್ಯ ನಂಬುವುದಿಲ್ಲ. ಅವನು ನಂಬುವ ಒಂದೇ ಸಾಕ್ಷಿ ಕಣ್ಣು ಮುಚ್ಚಿಕೊಂಡು ಕೂತಿತ್ತು.

"ಇಂಥ ಆಟದ ಮೇಲೆ ನಿಲ್ಲಿಸೋಕಾಗಲ್ಲ," ಎಂದು ಚಾಂಪಿಯನ್ ಎದ್ದು ಅಂಗಿ ತೊಟ್ಟ. "ಮುಂದಿನ ವರ್ಷ ಇನ್ನೊಂದು ಸಲ ಆಡ್ತೀನಿ. ಸಂಘಕ್ಕೆ ನಾಳೆನೇ ಕಾಗದ ಹಾಕ್ತೀನಿ. ಆವತ್ತಾದ್ರೂ ನಿನ್ನ ಕೈಲಿ ಗಂಟೆ ಮರೆಸ್ತೀನಿ, ನೋಡ್ತಿರು."

ಬಾಗಿಲು ಧಡಾರನೆ ತೆರೆಯಿತು. ಪರಿವೀಕ್ಷಕರು, ಕೈಯಲ್ಲಿ ವರದಿ, ಮುಖದಲ್ಲಿ ಮದುವೆಯ ಕಳೆ.

"ಏನಂದ್ರಿ? ಇನ್ನೊಂದು ವರ್ಷ ಆಡ್ತೀರಾ? ದೇವರು ದೊಡ್ಡವನು!" ಎಂದು ಗಂಟೆರಾಯನ ಎರಡೂ ಕೈ ಹಿಡಿದು ಕುಲುಕಿದರು. "ಹಾಗಾದ್ರೆ ಮುಂದಿನ ವರ್ಷವೂ ನಾನೇ ನಿಮ್ಮ ಪಕ್ಕದಲ್ಲಿ. ವರದಿಯಲ್ಲಿ ಬರೆದುಬಿಟ್ಟಿದ್ದೀನಿ: ಈ ಟೈಮ್‌ಕೀಪರ್ ಚಾಂಪಿಯನ್ ಏನೇ ಮಾಡಿದ್ರೂ ಜಗ್ಗೋ ಆಸಾಮಿ ಅಲ್ಲ, ಇವರನ್ನ ಬದಲಾಯಿಸಲೇಬಾರದು. ನೀವು ಹೀಗೇ ಗಟ್ಟಿಯಾಗಿ ಗಂಟೆ ನೋಡ್ಕೊಳ್ಳಿ ಸ್ವಾಮಿ, ನಾನು ಪಂದ್ಯ ನೋಡ್ತೀನಿ!"